ದಿನದ ಫೀಸು

ಆಶೈಮಾನ್ ಮಾರುಕಟ್ಟೆಯ ಬೆನ್ನಿಗೆ
ಕೋಳಿಶೆಡ್ಡೊಂದು ಖಾಲಿ ಬಿದ್ದಿತ್ತು.
ಮೂವರೇ ಗುಡಿಸಿದೆವು, ಸುಣ್ಣ ಬಳಿದೆವು.
ಗರಿಗಳು ಮಾತ್ರ ಇವತ್ತಿಗೂ
ಗಾಳಿ ಬಂದರೆ ತೊಲೆಯ ಸಂದಿಯಿಂದಿಳಿದು
ಮಗ್ಗಿಯ ಮೇಲೆ ಕೂರುತ್ತವೆ.

ಫುಸೇನಿ ಗಣಿತ, ಕೊರ್ಕೊಯ್ ವಾಣಿಜ್ಯ,
ನಾನು ಭೂಗೋಳ. ಅಂದರೆ
ಯಾವ ನದಿ ಎಲ್ಲಿ ಕಡಲು ಸೇರುತ್ತದೆಂದು ಬಲ್ಲವನು,
ನೌಕರಿ ಎಲ್ಲಿ ಸಿಗುತ್ತದೆಂದಲ್ಲ.
ಹದಿನೇಳು ತಿಂಗಳು ಅರ್ಜಿ ಗುಜರಾಯಿಸಿದ ಮೇಲೆ
ಕೊರ್ಕೊಯ್ ಅಂದಳು: ಬೇಡಿದ್ದು ಸಾಕು, ಮಾರೋಣ.
ಏನನ್ನ? ಅಂದ ಫುಸೇನಿ.
ನಮ್ಮಲ್ಲಿ ಇದ್ದದ್ದು ಒಂದೇ ಸರಕು.

'ಇಂಟರ್‌ನ್ಯಾಷನಲ್' ಅಂತಿಲ್ಲದೆ
ಯಾವ ತಾಯಿಯೂ ಒಳಗೆ ಕಾಲಿಡಳು ಎಂದು
ಬೋರ್ಡು ಬರೆಯುವವನೇ ಪುಕ್ಕಟೆ ಬುದ್ಧಿ ಹೇಳಿದ.
ಅವನ ದರ ಅಕ್ಷರಕ್ಕಿಷ್ಟು ಎಂದು
ಆಮೇಲೆ ಗೊತ್ತಾಯಿತು.

ವರ್ಷದ್ದು ಒಮ್ಮೆಗೇ ಕೊಡುವವರು ಇಲ್ಲಿಲ್ಲ.
ಹೊಟ್ಟೆಗೆ ದಿನದ ಲೆಕ್ಕವಾದರೆ ಅಕ್ಷರಕ್ಕೂ ಅದೇ:
ದಿನಕ್ಕೆ ಐದು ಸೆಡಿ,
ಮಧ್ಯಾಹ್ನದ ಅಲಸಂದೆ ಅನ್ನ ಸೇರಿ.
ಬಾಗಿಲಲ್ಲಿ ಹಾಲುಪುಡಿಯ ಡಬ್ಬಿ ಹಿಡಿದು ನಾನು.
ಕೆಂಕೆ ಮಾರುವವಳ ನೋಟಿಗೆ ಹುಳಿಹಿಟ್ಟಿನ ವಾಸನೆ,
ಮೆಕ್ಯಾನಿಕ್ಕನ ನೋಟಿಗೆ ಗ್ರೀಸು.
ಕಣ್ಣು ಮುಚ್ಚಿ ಮೂಗಿನಿಂದಲೇ ಹಾಜರಿ ಹಾಕಬಲ್ಲೆ.

ಹೆದ್ದಾರಿಯಾಚೆ ಸರ್ಕಾರಿ ಶಾಲೆ ಇದೆಯಲ್ಲ, ಬಿಟ್ಟಿ,
ಇಲ್ಲಿಗ್ಯಾಕೆ? ಎಂದು ಕೇಳಿದ್ದೆ ಎಡಿನಾಮಳ ಅಮ್ಮನನ್ನು.
ಕೆಂಕೆಯ ಬುಟ್ಟಿ ಕೆಳಗಿಳಿಸದೆಯೇ ಅಂದಳು:
ದುಡ್ಡು ಕೊಟ್ಟರೆ ಜಗಳ ಆಡಬಹುದು.

ಮೂರು ದಿನ ಬಾಕಿಯಾದರೆ ಮಗು ಮನೆಗೆ.
ಗೋಡೆಯ ಮೇಲಿನ ಆ ನಿಯಮ ನನ್ನದೇ ಕೈಬರಹ.
ಜನವರಿ. ಮರುಭೂಮಿಯ ಧೂಳು ಊರನ್ನೆಲ್ಲ
ಅರ್ಧ ಅಳಿಸಿದ ಹಲಗೆ ಮಾಡಿತ್ತು.
ಅಮ್ಮ ಜ್ವರದಲ್ಲಿ ಮಲಗಿದ್ದಳಂತೆ.
ಗುರುವಾರ ಎಡಿನಾಮಳನ್ನು ಕಳಿಸಿದೆ.
ಪುಸ್ತಕ ಇಲ್ಲೇ ಬಿಡಲಾ ಸಾರ್? ಎಂದಳು,
ಬೇಗ ಬರುವವಳ ಹಾಗೆ.

ಸೋಮವಾರ ಸೀಮೆಸುಣ್ಣ ತರಲು ಟೆಮಾಗೆ ಹೋಗಿದ್ದೆ.
ವಾಪಸ್ಸು ಬರುವಾಗ ಟ್ರೊಟ್ರೊ ಕೆಂಪು ದೀಪಕ್ಕೆ ನಿಂತಿತು.
ನೀರು, ತಣ್ಣನೆ ನೀರು!
ತಲೆಯ ಮೇಲೆ ಪ್ಯಾಕೆಟ್ಟುಗಳ ಬೋಗುಣಿ,
ಕಿಟಕಿಗೆಟುಕದ ಕೈ.
ಸಾರ್! ಎಂದಳು.
ಅವಳಿಗೆ ನಾಚಿಕೆಯೇ ಇರಲಿಲ್ಲ,
ಅಷ್ಟನ್ನೂ ನಾನೇ ಇಟ್ಟುಕೊಂಡೆ.

ಐದರ ನೋಟು ಕೊಟ್ಟೆ, ಮೂಲೆಗೆ ಟೇಪು ಅಂಟಿಸಿದ್ದು.
ಹಸಿರು ಬಿತ್ತು. ಬಸ್ಸು ಹೊರಟಿತು.
ಬೇಡ, ಇಟ್ಟುಕೋ ಎಂದು ಕೂಗಿದೆ.
ಬೋಗುಣಿಗೆ ಒಂದು ಕೈ ಕೊಟ್ಟು
ಪಕ್ಕದಲ್ಲೇ ಓಡಿ ಬಂದಳು,
ಐದರಲ್ಲಿ ಅರ್ಧ ಕಳೆದು,
ಫುಸೇನಿ ಕಲಿಸಿದಂತೆ ಪಕ್ಕದ ಮನೆಯಿಂದ ಕಡ ತಂದು,
ನಾಲ್ಕೂವರೆ ಸರಿಯಾಗಿ
ನನ್ನ ಅಂಗೈಗೆ ಒತ್ತಿ ನಿಂತಳು
ಹೊಗೆಯ ನಡುವೆ.

ಮಾರನೆಯ ದಿನ ಡಬ್ಬಿಯಲ್ಲಿ ಅದೇ ನೋಟು,
ಅದೇ ಟೇಪು.
ಕೊರ್ಕೊಯ್ ಬರೆದಳು: ಎಡಿನಾಮ್, ಐದು. ಬಾಕಿ ಹದಿನೈದು.
ಅದು ನನ್ನ ದುಡ್ಡು ಅಂದೆ.
ನಿನ್ನದಾಗಿತ್ತು ಅಂದಳು.
ಮನ್ನಾ ಮಾಡೋಣ ಅಂದೆ.
ಪೆನ್ನು ಎತ್ತಲಿಲ್ಲ ಅವಳು:
ಇವತ್ತು ಇವಳಿಗೆ ಮನ್ನಾ, ನಾಳೆ ನಲವತ್ತು ಮಕ್ಕಳಿಗೆ,
ನಾಡಿದ್ದು ಕೋಳಿಗಳು ವಾಪಸ್ಸು.
ಬಾಡಿಗೆ ಶುಕ್ರವಾರ, ಸೆಲೊರ್ಮ್.
ಫುಸೇನಿ ಒರೆಸಿದ ಹಲಗೆಯನ್ನೇ ಮತ್ತೆ ಒರೆಸುತ್ತಿದ್ದ.
ಅವಳ ಲೆಕ್ಕದಲ್ಲಿ ತಪ್ಪು ಹುಡುಕಿದೆ.
ಈಗಲೂ ಹುಡುಕುತ್ತಿದ್ದೇನೆ.

ಅವತ್ತಿನ ಪಾಠ ವೋಲ್ಟಾ ನದಿ.
ಉಗಮ ಹೇಳಿ ಮುಗಿಸುವಷ್ಟರಲ್ಲಿ
ಎರಡನೇ ಸಾಲಿನಿಂದ ಕೈ ಎದ್ದಿತು.
ಸಾರ್, ನಿನ್ನೆ ನೀರು ತಣ್ಣಗಿತ್ತಾ?

ತಣ್ಣಗಿತ್ತು ಎಂದೆ.
ಅದಿನ್ನೂ ನನ್ನ ಚೀಲದಲ್ಲಿತ್ತು,
ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕ,
ಒಡೆಯದೆ, ಬೆಚ್ಚಗೆ.